ಕೆಂಪು ಹಾಕಿಕೊಂಡು ಬಂದವಳು

ದುಬೈಯ ಮಿರ್ದಿಫ್‌ನ ಚೀನೀ ಮನೆಯೊಂದರಲ್ಲಿ ಮಾರ್ಟಿನಾ ಕೆಲಸಕ್ಕಿದ್ದು ಹನ್ನೊಂದು ವರ್ಷ. ಕೆಲಸ ಕೊಡಿಸಿದವಳು ನಾನೇ. ಅವಳೂ ನಾನೂ ಕುಂದಾಪುರ ಕಡೆಯ ಒಂದೇ ಚರ್ಚಿನವರು. ನಾನು ಅಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸು. ಚೀನೀ ಕಡುಬನ್ನು ಅವಳು ಮಡಿಸಿದಷ್ಟು ಚೆಂದವಾಗಿ ಅವಳ ಮೇಡಮ್ಮಿಗೂ ಬರುತ್ತಿರಲಿಲ್ಲ.

ಅವರ ಹೊಸ ವರ್ಷದ ಕಟ್ಟುಪಾಡುಗಳನ್ನು ಮಾರ್ಟಿನಾ ನನಗೆ ನಗುನಗುತ್ತಾ ಹೇಳಿದ್ದಳು. ಮೊದಲ ದಿನ ಗುಡಿಸಿದರೆ ಅದೃಷ್ಟ ಬಾಗಿಲಾಚೆ ಹೋಗುತ್ತದೆ. ಚಾಕು ಮುಟ್ಟಬಾರದು. ಸಾವು, ಕಾಯಿಲೆ ಅಂತ ಬಾಯಿ ಬಿಡಬಾರದು. ಬಿಳಿ ಬಟ್ಟೆ ಸಾವಿನ ಬಟ್ಟೆ, ಕೆಂಪು ಶುಭದ್ದು. ಒಂದು ವರ್ಷ ಅದೇ ದಿನ ಕೆಟ್ಟ ಸುದ್ದಿಯ ಫೋನು ಬಂದಿತ್ತಂತೆ. ಅಂದಿನಿಂದ ಪ್ರತಿ ವರ್ಷ ಆ ದಿನ ಮೇಡಂ ಬೆಳಗ್ಗೆಯೇ ಮನೆಯವರೆಲ್ಲರ ಫೋನು ಡ್ರಾಯರಿಗೆ ಹಾಕಿ ಬೀಗ ಹಾಕುತ್ತಿದ್ದರು.

"ಒಂದು ದಿನ ಗುಡಿಸುವ ಕೆಲಸ ತಪ್ಪಿತಲ್ಲ ಮಾರಾಯ್ತಿ, ನನ್ನ ಅದೃಷ್ಟ ಅದೇ" ಅನ್ನುತ್ತಿದ್ದಳು.

ಕಳೆದ ವರ್ಷ ಆ ದಿನ ಬೆಳಗ್ಗೆ ಊರಿನಿಂದ ಅವಳ ತಮ್ಮ ಸೆಡ್ರಿಕ್ ನನಗೆ ಫೋನು ಮಾಡಿದ. "ಅಕ್ಕ, ಅಮ್ಮ ಈಗ ಹೋಗ್ತಾರೆ, ಆಗ ಹೋಗ್ತಾರೆ ಅನ್ನುವ ಹಾಗೆ ಉಂಟು. ಮಾರ್ಟಿನಾಳ ಸ್ವರ ಒಮ್ಮೆ ಕೇಳಬೇಕಂತೆ. ಅವಳ ಫೋನು ಬಂದ್. ನೀವು ಹೋಗಿ ನಿಮ್ಮ ಫೋನು ಕೊಡ್ತೀರಾ?"

ಕ್ಲಿನಿಕ್ಕಿನಿಂದ ಇದ್ದ ಹಾಗೇ ಓಡಿದೆ. ಗೇಟಿನ ಕ್ಯಾಮೆರಾದ ಮುಂದೆ ನಿಂತು, ಮಾರ್ಟಿನಾಳ ಅಮ್ಮನಿಗೆ ಸೀರಿಯಸ್ಸು ಎಂದೆ. ಒಳಗಿನಿಂದ ಮೇಡಂ ಕಿರುಚಿದರು: "ವೈಟ್! ನೋ ವೈಟ್! ಕಮ್ ಟುಮಾರೋ!"

ಆಗ ನನ್ನ ಮೈಮೇಲಿನ ಯೂನಿಫಾರ್ಮ್ ನೋಡಿಕೊಂಡೆ. ಎಂಥ ಮೂರ್ಖಿ ನಾನು! ಮತ್ತೆ ಬೆಲ್ ಒತ್ತಿದೆ, ಗೇಟು ಬಡಿದೆ. ಯಾರೂ ಉತ್ತರಿಸಲಿಲ್ಲ. ಬೇರೆ ದಾರಿ ಕಾಣದೆ ಟ್ಯಾಕ್ಸಿ ಹಿಡಿದು ಮಾಲಿಗೆ ಹೋದೆ. ಮೊದಲು ಸಿಕ್ಕ ಕೆಂಪು ಕುರ್ತಾ ಬಿಗಿಯಾಯಿತು. ಇನ್ನೊಂದಕ್ಕಾಗಿ ಟ್ರಯಲ್ ರೂಮಿನ ಸಾಲಿನಲ್ಲಿ ಮತ್ತೆ ನಿಂತೆ. ಎರಡನೆಯದನ್ನು ಹಾಕಿಕೊಂಡು ಬಿಲ್ಲಿಗೆ ನಿಂತಿದ್ದಾಗ ಸೆಡ್ರಿಕ್‌ನ ಮೆಸೇಜು ಬಂತು. ಅಮ್ಮ ಹೋಗಿಬಿಟ್ಟಿದ್ದರು. ಕೊನೆಯವರೆಗೂ ಫೋನನ್ನೇ ನೋಡುತ್ತಿದ್ದರಂತೆ.

ಆ ಕುರ್ತಾದಲ್ಲೇ ಹೋದೆ. ಈ ಸಲ ಗೇಟು ತೆರೆಯಿತು. ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಚ್ಚಿ, ಕೈಗೆ ಎರಡು ಕಿತ್ತಳೆಯನ್ನೂ ಹಬ್ಬದ ದುಡ್ಡಿಟ್ಟ ಒಂದು ಕೆಂಪು ಲಕೋಟೆಯನ್ನೂ ಇಟ್ಟರು.

ಹಿಟ್ಟಿನ ಕೈಯಲ್ಲೇ ಮಾರ್ಟಿನಾ ಹೊರಗೆ ಬಂದಳು. "ಎಂತ ಮಾರಾಯ್ತಿ, ಮದುಮಗಳ ಹಾಗೆ ಬಂದದ್ದು!"

ನನ್ನಿಂದ ತಡೆಯಲಾಗಲಿಲ್ಲ. ಬೆಳಗ್ಗೆಯಿಂದ ನಡೆದದ್ದನ್ನೆಲ್ಲ ಹೇಳಿದೆ. ನನ್ನ ಕುರ್ತಾವನ್ನೇ ನೋಡುತ್ತಾ ನಿಂತಳು.

"ಅಮ್ಮ ಕಾಯ್ತಾ ಇದ್ದಾಗ ನೀನು ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡ್ತಾ ಇದ್ದಿಯಾ?"

ಅವಳ ಕಣ್ಣು ತುಂಬಿದ್ದು ಕಂಡು ಮೇಡಂ ಟಿಶ್ಯೂ ಚಾಚಿದರು. "ನೋ ಕ್ರೈಯಿಂಗ್ ಟುಡೇ" ಎಂದರು, ಮಗುವಿಗೆ ಹೇಳುವ ಹಾಗೆ. ಮಾರ್ಟಿನಾ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಮಡಿಸುವ ಕಡುಬು ಇನ್ನೂ ಅರ್ಧ ಉಳಿದಿತ್ತು.

ಈ ವರ್ಷವೂ ಅವಳು ಅದೇ ಮನೆಯಲ್ಲಿದ್ದಾಳೆ. ಹಬ್ಬದ ಬೆಳಗ್ಗೆ ಮೇಡಂ ಕೇಳುವ ಮೊದಲೇ ಫೋನು ತೆಗೆದುಕೊಟ್ಟಳಂತೆ. ಮೇಡಮ್ಮಿನ ಜೊತೆ ನಗುತ್ತಾ ಮಾತಾಡುತ್ತಾಳೆ. ಚರ್ಚಿನಲ್ಲಿ ನನ್ನನ್ನು ಕಂಡರೆ ಎದ್ದು ಬೇರೆ ಬೆಂಚಿಗೆ ಹೋಗುತ್ತಾಳೆ.