ಬೂಟು, ಚೀಲ, ಮೊಣಕೈ

ಆರು ವರ್ಷ ಲಂಡನ್ನಿನಲ್ಲಿ ದುಡಿದು ನಾನು ಕ್ಯಾಲಿಫೋರ್ನಿಯಾದ ಈ ನೆವಾರ್ಕಿನ ಆಫೀಸಿಗೆ ತಂದ ಆಸ್ತಿ ಒಂದೇ: ಕೆಲಸ ಹೋಯಿತು ಎನ್ನಲು ಅಲ್ಲಿನವರು ಕಟ್ಟಿಕೊಂಡ ತಮಾಷೆಯ ಮಾತುಗಳು. ಅಲ್ಲಿ ಯಾರ ಕೆಲಸವೂ ಸುಮ್ಮನೆ ಹೋಗುವುದಿಲ್ಲ. ಒಬ್ಬನಿಗೆ ಬೂಟು ಸಿಗುತ್ತದೆ, ಇನ್ನೊಬ್ಬನಿಗೆ ಚೀಲ, ಮತ್ತೊಬ್ಬನಿಗೆ ಮೊಣಕೈ. ನನ್ನ ಟೀಮಿನಲ್ಲಿದ್ದ ಹುಬ್ಬಳ್ಳಿಯವರೊಬ್ಬರಿಗೆ ಇವೆಂದರೆ ಪ್ರಾಣ. ದಿನಾ ಚಹದ ಹೊತ್ತಿಗೆ ಬಂದು, "ಮೇಡಂ, ಇವತ್ತ ಯಾರಿಗ್ರಿ ಬೂಟು?" ಎನ್ನುವರು.

"ನಿಮಗೇ ಸಾರ್, ಪಾಲಿಶ್ ಮಾಡಿಸಿ ಇಟ್ಟಿದೀನಿ."

"ನಮ್ಮ ಕಡೆ ಬರೇ ಕೊಕ್ ಕೊಡ್ತಾರ್ರಿ. ಇಷ್ಟ ಮರ್ಯಾದಿ ಎಲ್ಲಿ!"

ಕಳೆದ ವರ್ಷ ಒಂದು ಬುಧವಾರ ಎಚ್.ಆರ್.ನವರು ನನ್ನನ್ನು ಕರೆದು ಒಂದು ಪಟ್ಟಿ ತೋರಿಸಿದರು. ಕೆಲಸ ಕಳೆದುಕೊಳ್ಳುವವರ ಪಟ್ಟಿ, ಅದರಲ್ಲಿ ನಮ್ಮ ಹುಬ್ಬಳ್ಳಿಯವರ ಹೆಸರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೇಳುತ್ತೇವೆ, ಅಲ್ಲಿಯವರೆಗೆ ನೀನು ತುಟಿ ಪಿಟಕ್ಕೆನ್ನಬಾರದು ಎಂದರು. ಹೊರಬಂದರೆ ಅವರೇ ಎದುರಾಗಬೇಕೇ!

"ಮೇಡಂ, ಕ್ಯುಪರ್ಟಿನೋದಾಗ ಅಪಾರ್ಟ್‌ಮೆಂಟು ಸಿಕ್ತ್ರಿ! ಮಗಳಿಗೆ ಛಲೋ ಸ್ಕೂಲು. ಸಂಜಿಕ್ಕ ಲೀಸಿಗೆ ಸಹಿ ಮಾಡೂದೈತಿ."

ಅಲ್ಲಿನ ಬಾಡಿಗೆ ಎಷ್ಟೆಂದು ನನಗೆ ಗೊತ್ತಿತ್ತು; ಸಹಿ ಹಾಕಿದರೆ ವರ್ಷವಿಡೀ ಕಟ್ಟಲೇಬೇಕು. ಇವರ ಸಹಿ ತಪ್ಪಿಸಬೇಕು, ಎಚ್.ಆರ್. ಕೈಗೂ ಸಿಕ್ಕಿಬೀಳಬಾರದು. ನನ್ನ ಘನ ಬುದ್ಧಿಗೆ ಹೊಳೆದದ್ದಾದರೂ ಏನು?

"ಸಹಿ ಒಂದಿನ ತಡೀರಿ ಸಾರ್. ನಾಳೆ ನಿಮಗೆ ಬೂಟು ಬರತ್ತೆ" ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬರ್ಲಿ ಬಿಡ್ರಿ, ಹಾಕ್ಕೊಂಡ ಹೊಸಾ ಮನಿಗೆ ಹೋಗ್ತೀನಿ!" ಅವರ ನಗು ನೋಡಿ ನಾನೂ ನಕ್ಕುಬಿಟ್ಟೆ. ಹೇಳಬೇಕಾದ್ದು ಹೇಳಿಯಾಯಿತು, ಯೋಚಿಸಿದರೆ ಅವರಿಗೇ ತಿಳಿಯುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಮನೆಗೆ ಹೋದೆ. ಥೂ, ಹೇಡಿ ನಾನು!

ಮರುದಿನ ಒಂಬತ್ತಕ್ಕೆ ಎಚ್.ಆರ್.ನವರು ಒಂದು ಹಾಳೆ ನೋಡಿಕೊಂಡು ಓದಿದರು. ಹುಬ್ಬಳ್ಳಿಯವರು ತಮ್ಮ ಸಾಮಾನು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡರು. ನಾನು ಕಾರಿನವರೆಗೂ ಜೊತೆಗೆ ನಡೆದೆ.

"ಲೀಸು?" ಎಂದು ಕೇಳಿದೆ.

"ಆತ್ರಿ. ನಿನ್ನೆ ಸಂಜಿಕ್ಕನ ಸಹಿ ಮಾಡೀವಿ. ಮಗಳು ಭಾಳ ಖುಷಿ ಆಗ್ಯಾಳ."

"ನಾನು ಹೇಳಿದ್ನಲ್ಲ ಸಾರ್, ಒಂದಿನ ತಡೀರಿ ಅಂತ..." ಎಂದೆ. ತಪ್ಪು ನನ್ನದಲ್ಲ ಎನ್ನಿಸಿಕೊಳ್ಳುವ ಆಸೆ ಆಗಲೂ ಇತ್ತು.

ಅವರು ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟು ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ರಿ, ಖರೆ. ನಾ ನಕ್ಕೆ, ನನಗ ಗೊತ್ತಿರಲಿಲ್ಲ. ನೀವ್ಯಾಕ ನಕ್ರಿ, ಮೇಡಂ?"