ಸೋಡಿಯಮ್ಮಿಗೆ ಹೆದರಿದ ಮೇಷ್ಟ್ರು

ಮೈಸೂರಿನಲ್ಲಿ ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರನ್ನು ಎಣಿಸಲು ಕುಳಿತರೆ ಮೊದಲ ಬೆರಳು ಮಡಿಸಬೇಕಾದದ್ದು ಶ್ರೀಮಾನ್ ಸಂತಿಯಾಗು ಮೇಷ್ಟ್ರ ಹೆಸರಿಗೆ. ಸಾವಿರದ ಒಂಬೈನೂರ ಎಂಟರಲ್ಲಿ ಲಷ್ಕರ್ ಮೊಹಲ್ಲಾದ ಹೈಸ್ಕೂಲಿಗೆ ಸೇರಿ, ಇಪ್ಪತ್ತೆಂಟು ವರ್ಷ ದುಡಿದು, ಈಗ ನಿವೃತ್ತರಾಗುತ್ತಿರುವ ಈ ಮಹನೀಯರನ್ನು ಧೈರ್ಯಶಾಲಿ ಎಂದು ಹೊಗಳುವ ಹಾಗಿಲ್ಲ. ಹೊಗಳಿದರೆ ಅವರೇ ನಕ್ಕುಬಿಡುತ್ತಾರೆ. ಸೀಮೆಎಣ್ಣೆಯ ಸೀಸೆಯಲ್ಲಿ ಮುಳುಗಿಸಿಟ್ಟ ಸೋಡಿಯಮ್ಮನ್ನು ಹೊರತೆಗೆಯುವ ದಿನ ಅವರು ತಿಂಡಿಯನ್ನೂ ಮುಟ್ಟದೆ ನಜರ್‌ಬಾದಿನ ಮನೆಯಿಂದ ಹೊರಡುತ್ತಿದ್ದರೆಂದು ಅವರ ಪತ್ನಿ ಅಗ್ನೆಸ್ ಅಮ್ಮನವರೇ ಹೇಳಿದ್ದಾರೆ.

ಆದರೆ ಪಾಠಕ್ಕೆ ನಿಂತರೆ ಕೇಳಬೇಕು! "ಲೋಹದ್ದು ಕೊಡುಗೈ ಕಣ್ರೋ. ಸೋಡಿಯಂ ತನ್ನ ಹೊರಸುತ್ತಿನ ಒಂದೇ ಒಂದು ವಿದ್ಯುತ್ಕಣವನ್ನ ಯಾರಿಗಾದರೂ ಕೊಟ್ಟುಬಿಡೋಣ ಅಂತ ಒದ್ದಾಡ್ತಿರ್ತದೆ. ಕ್ಲೋರೀನು ಅಲೋಹ, ಅದಕ್ಕೆ ಒಂದು ಕಣ ಕಮ್ಮಿ. ಕೊಟ್ಟದ್ದು ಧನವಾಯ್ತು, ತಗೊಂಡದ್ದು ಋಣವಾಯ್ತು. ಆಮೇಲೆ ಒಂದನ್ನೊಂದು ಬಿಟ್ಟಿರಲಾರವು. ಅದೇ ನಾವು ತಿನ್ನೋ ಉಪ್ಪು. ಇದಕ್ಕೆ ಋಣಾನುಬಂಧ ಅನ್ನದೆ ಏನನ್ನೋಣ?" ಹೀಗೆ ಹೇಳುವಾಗಲೂ ಅವರ ಕಣ್ಣು ಸೀಸೆಯ ಮೇಲೇ ಇರುತ್ತಿತ್ತು. ಅದೇ ಕೊಡುಗೈ ನೀರು ತಾಗಿದರೆ ಹೊತ್ತಿ ಸಿಡಿಯುತ್ತದೆ. ಒಂದು ಚೂರು ಕಣ್ಣಿಗೆ ಹಾರಿದರೆ ದೃಷ್ಟಿ ಹೋದಂತೆಯೇ.

ಇಪ್ಪತ್ತೇಳನೆಯ ಇಸವಿಯ ಒಂದು ಮಧ್ಯಾಹ್ನ ಅವರು ಆ ಸೀಸೆಯಿದ್ದ ಬೀರುವಿಗೆ ಬೀಗ ಹಾಕಲು ಮರೆತರು. ಕಾಫಿ ಲೋಟ ಎತ್ತಿದಾಗ ನೆನಪಾಗಿ ಎದೆ ಧಸಕ್ಕೆಂದಿತು. ಎದ್ದೆನೋ ಬಿದ್ದೆನೋ ಎಂದು ಪ್ರಯೋಗಶಾಲೆಗೆ ಓಡಿ ಬಂದರು. ಕೋಣೆ ಗುಡಿಸುವ ಪುಟ್ಟಬಸಮ್ಮ ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತಷ್ಟೆ. ಸೀಸೆಯ ಎಣ್ಣೆಯನ್ನೆಲ್ಲ ಜರಡಿಯಲ್ಲಿ ಸೋಸಿ ಡಬ್ಬಕ್ಕೆ ಬಸಿದಿದ್ದಳು. ಎಡಗೈಯ ಜರಡಿಯಲ್ಲಿ ಅಡಿಕೆ ಗಾತ್ರದ ಏಳೆಂಟು ತುಂಡು; ಬಲಗೈಯಲ್ಲಿ ನೀರು ತುಂಬಿದ ಚೆಂಬು. ಮುಖವನ್ನು ಜರಡಿಯ ಮೇಲಕ್ಕೇ ಬಗ್ಗಿಸಿದ್ದಳು.

"ಎಣ್ಣೇಲಿ ಕಸ ಬಿದ್ದಿತ್ತು ಬುದ್ದೀ, ಸೋಸ್ಬುಟ್ಟೆ. ಈ ಕಲ್ಗೊಳ್ಗೆ ಒಸಿ ನೀರು ಉಯ್ದು ತೊಳ್ದ್ಬುಡ್ತೀನಿ."

ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಚೆಂಬು ಚೆಲ್ಲುತ್ತದೆ. ಮೇಷ್ಟ್ರು ಬಾಗಿಲಲ್ಲೇ ನಿಂತರು. ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಮೆತ್ತಗೆ ಹೇಳಿದರು: "ಹಂಗೇ ನಿಂತ್ಕೊಳವ್ವ. ಚೆಂಬು ಅಲ್ಲಾಡಿಸ್ಬೇಡ. ನಾನೇ ಬರ್ತೀನಿ."

"ಯಾಕ್ ಬುದ್ದೀ ಎಂಗೆಂಗೋ ನೋಡ್ತೀರಿ? ಏನ್ ತಪ್ಪಾಯ್ತು?"

"ಏನಿಲ್ಲ ಕಣಮ್ಮ. ನನ್ನನ್ನೇ ನೋಡು."

ಹತ್ತು ಹೆಜ್ಜೆಯ ದಾರಿ ಸವೆಯಲೊಲ್ಲದು. ಕಡೆಗೂ ಜರಡಿಯನ್ನು ತಮ್ಮ ಕಡೆಗೆ ಸೆಳೆದುಕೊಂಡರು. ಅಷ್ಟರಲ್ಲಿ ಚೆಂಬಿನ ನೀರು ತುಳುಕಿ ಒಂದು ತುಂಡು ಭಗ್ಗೆಂದಿತು. ಅವಳಿಗೆ ಬೆನ್ನು ಅಡ್ಡ ಕೊಟ್ಟು, ಉರಿಯುವ ಜರಡಿಯನ್ನು ಮೂಲೆಯ ಮರಳಿನ ತೊಟ್ಟಿಗೆ ಎಸೆದರು. ಅವರ ಬಲಗೈ ಮಣಿಕಟ್ಟಿನವರೆಗೂ ಬೊಬ್ಬೆಯೆದ್ದಿತು. ಪುಟ್ಟಬಸಮ್ಮನಿಗೆ ಒಂದು ಕಿಡಿಯೂ ತಾಗಲಿಲ್ಲ.

ಮಾರನೆಯ ದಿನ ಅವಳನ್ನು ಕೆಲಸದಿಂದ ಬಿಡಿಸುವ ಮಾತು ಬಂದಾಗ ಮೇಷ್ಟ್ರು ಹೆಡ್‌ಮಾಸ್ಟರ ಎದುರಿಗೆ ನಿಂತು, "ಬೀಗ ಮರೆತವನು ನಾನು ಸ್ವಾಮಿ. ಬಿಡಿಸೋದಾದ್ರೆ ನನ್ನ ಬಿಡಿಸಿ" ಎಂದರು. ಅಲ್ಲಿಂದಾಚೆಗೆ ಪ್ರತಿವರ್ಷವೂ ಸೋಡಿಯಮ್ಮಿನ ಪಾಠ ಮೊದಲು ಪುಟ್ಟಬಸಮ್ಮನಿಗೆ ನಡೆದು ಆಮೇಲೆ ತರಗತಿಗೆ ನಡೆಯುತ್ತಿತ್ತು.

ಕಳೆದ ವಾರ ಬೀಳ್ಕೊಡುಗೆಯ ಸಭೆ ಮುಗಿದ ಮೇಲೆ ಅವಳು ಹತ್ತಿರ ಬಂದು, "ಇನ್ನೇನ್ ಬುಡಿ ಬುದ್ದೀ, ಮನೇಲಿ ಆರಾಮಾಗಿರಿ. ಎದ್ರಿಕೆ ಎಲ್ಲಾ ಓಯ್ತಲ್ಲ?" ಎಂದಳು.

"ಎಲ್ಲಿ ಹೋಗ್ತದೆ ಕಣಮ್ಮ? ಒಂಬತ್ತು ವರ್ಷ ಆಯ್ತು. ನಿನ್ನ ಕಣ್ಣು ಕಂಡಾಗೆಲ್ಲ ನನ್ನ ಎದೆ ಇನ್ನೂ ಹೊಡ್ಕೊಳ್ತದೆ."

ಪುಟ್ಟಬಸಮ್ಮ ಸೆರಗಿನಿಂದ ಆ ಕಣ್ಣುಗಳನ್ನೇ ಒರೆಸಿಕೊಂಡಳು.

ಕನ್ನಡದಲ್ಲಿ ರಸಾಯನಶಾಸ್ತ್ರದ ಪುಸ್ತಕವೊಂದನ್ನು ಬರೆಯಲು ಮೇಷ್ಟ್ರು ಕೈಹಾಕಿದ್ದಾರೆ. ಅದನ್ನು ಮುಗಿಸಿ ಇನ್ನೂ ಹತ್ತನ್ನು ಬರೆಯುವಷ್ಟು ಆಯುರಾರೋಗ್ಯವನ್ನು ದೇವರು ಅವರಿಗೆ ಅನುಗ್ರಹಿಸಲಿ. ಇಪ್ಪತ್ತೆಂಟು ವರ್ಷ ಈ ಶಾಲೆಯ ನಮ್ಮೆಲ್ಲರ ಪಾಲಿನ ಹೆದರಿಕೆಯನ್ನೂ ಅವರೊಬ್ಬರೇ ಹೆದರಿದರು. ಇನ್ನು ಹೆದರುವ ಸರದಿ ನಮ್ಮದು.