ಅಕ್ಕು ಅಜ್ಜಿಯ ಒಂದು ಕೊಡ ನೀರು

ನಂಬಲಿಕ್ಕೆ ಆಗುತ್ತಿಲ್ಲ...
ಬೆಳಿಗ್ಗೆ ನಮ್ಮ ಹಳೆಯ ಸಹೋದ್ಯೋಗಿಗಳ ಗ್ರೂಪಿನಲ್ಲಿ "ಪದ್ಮಯ್ಯ ಮಾಸ್ಟ್ರು ಹೋದರು" ಎಂದು ಬಂತು.
"ಎಲ್ಲಿಗೆ?" ಎಂದು ಕೇಳಿದೆ.
ಕಳಿಸಿದ ಮೇಲೆ ಅರ್ಥವಾಯಿತು...

ಮೊನ್ನೆ ಪುತ್ತೂರಿನ ದರ್ಬೆಯಲ್ಲಿ ಸಿಕ್ಕಿದ್ದರು. ಎಪ್ಪತ್ತೆಂಟರ ಮುದುಕ, ನನಗಿಂತ ಚುರುಕು.
"ಎಂತ ಮಾರಾಯ, ಹೊಟ್ಟೆ ಮುಂದೆ, ನೀನು ಹಿಂದೆ" ಅಂದರು.
ಪ್ರಾಸದ ಚಟ ನನ್ನದು... ಗೆದ್ದದ್ದು ಅವರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮಾಸ್ಟ್ರು ಐವರ್ನಾಡು ಎಂಬ ಊರಿನವರು. ಕಡಬದ ಕಡೆಯ ಶಾಲೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರ ಸರ್ವಿಸ್‌ನ ಕೊನೆಯ ಮೂರು ವರ್ಷ.
ಅವರದೊಂದು ಪದ್ಧತಿ ಇತ್ತು. ನೆರೆಹೊರೆಯ ಅಶಕ್ತರಿಗೆ ನಿನ್ನೆ ಏನು ಸಹಾಯ ಮಾಡಿದೆವು ಎಂದು ಮಕ್ಕಳು ಅಸೆಂಬ್ಲಿಯಲ್ಲಿ ಗಟ್ಟಿಯಾಗಿ ಹೇಳಬೇಕು.

"ಐಸಮ್ಮನಿಗೆ ಔಷಧಿ ತಂದು ಕೊಟ್ಟೆ ಸರ್."
"ಇವತ್ತು ಯಾರು ಹೋಗುದು?"
"ಯಾರಾದ್ರೂ ಹೋಗ್ತಾರೆ ಸರ್."
"ಯಾರಾದ್ರೂ ಅಂತ ಈ ಶಾಲೆಯಲ್ಲಿ ಯಾರೂ ಇಲ್ಲ. ಹೆಸರು ಹೇಳು."

ಸ್ಟಾಫ್ ರೂಮಿನಲ್ಲಿ ನಮಗೆ ನಗು.
"ಕೊಟ್ಟದ್ದು ಚಮಚ, ಕೂಗಿದ್ದು ಪ್ರಪಂಚ" ಎಂದು ಹೊಸೆದವನು ನಾನೇ.
ಅದು ಅವರ ಕಿವಿಗೂ ಬಿತ್ತು.

ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನನ್ನ ಎದುರು ಬಂದು ಕೂತರು.
"ಪ್ರಾಸ ಚಂದ ಉಂಟು."
"ತಪ್ಪಾಯ್ತು ಸರ್... ಆದ್ರೆ ಮಾಡಿದ್ದನ್ನು ಹೀಗೆ ಹೇಳಿಕೊಳ್ಳುದು ಸರಿಯಾ?"
"ನಮ್ಮ ಶಾಲೆಯ ಫಾದರೂ ಅದನ್ನೇ ಹೇಳ್ತಿದ್ದದ್ದು" ಅಂದರು.
ಆಮೇಲೆ ಅವರು ಹೇಳಿದ್ದು ಇದು...

ಅರವತ್ತರ ದಶಕದ ಆರಂಭ. ಪುತ್ತೂರಿನ ಒಂದು ಕ್ಯಾಥೊಲಿಕ್ ಶಾಲೆ. ಪದ್ಮಯ್ಯ ಅಲ್ಲಿನ ಬೋರ್ಡಿಂಗಿನ ಹುಡುಗ.
ಅಲ್ಲಿ ಗಣಿತದಷ್ಟೇ ಸೇವೆಯೂ ಕಡ್ಡಾಯ. ಇಬ್ಬಿಬ್ಬರಿಗೆ ಒಂದೊಂದು ಮನೆ. ಸೌದೆ ಒಡೆಯುವುದು, ಕಾಗದ ಬರೆದು ಕೊಡುವುದು, ಹುಣ್ಣು ತೊಳೆಯುವುದು...
ಕಟ್ಟಳೆ ಒಂದೇ. ಮಾಡಿದ್ದನ್ನು ಯಾರಿಗೂ ಹೇಳಬಾರದು. ಮನೆಯಲ್ಲಿ ಹೇಳಬಾರದು, ಕ್ಲಾಸಿನಲ್ಲಿ ಹೇಳಬಾರದು, ಜೊತೆಯ ಹುಡುಗನಿಗೂ ಹೇಳಬಾರದು.
ಹೇಳಿದರೆ ಅದು ಸೇವೆಯಲ್ಲ, ಜಂಭ.

ಪದ್ಮಯ್ಯನ ಜೋಡಿ ಸಿರಿಲ್. ಮನೆಯಿಂದ ನಡೆದು ಬರುವ ಹುಡುಗ.
ಇಬ್ಬರಿಗೂ ಸಿಕ್ಕಿದ್ದು ಅಕ್ಕು ಅಜ್ಜಿ.
ಗುಡ್ಡದ ಬದಿಯ ಹುಲ್ಲಿನ ಗುಡಿಸಲಿನಲ್ಲಿ ಒಬ್ಬಳೇ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಂಜಿ ನೆರೆಯವಳು ಕೊಡುತ್ತಿದ್ದಳು. ಕೆಳಗಿನ ಬಾವಿಯಿಂದ ದಿನಕ್ಕೆ ಒಂದು ಕೊಡ ನೀರು ಈ ಹುಡುಗರದ್ದು.
ಹೋಗಿ ನೋಡುವುದು. ಕೊಡ ತುಂಬಿದ್ದರೆ ಇನ್ನೊಬ್ಬ ಬಂದು ಹೋಗಿದ್ದಾನೆ ಎಂದರ್ಥ. ಮಾತಿಲ್ಲದೆ ವಾಪಸು.

ಮಾರ್ಚಿನ ಸೆಖೆಯಲ್ಲಿ ವಾರ್ಷಿಕ ಪರೀಕ್ಷೆ ಬಂತು.
ಸಿರಿಲ್‌ನ ಮನೆ ಅಲ್ಲೇ ಹತ್ತಿರ, ಅವನು ಹೋಗುತ್ತಾನೆ ಎಂದುಕೊಂಡ ಪದ್ಮಯ್ಯ.
ಬೋರ್ಡಿಂಗಿನವನಿಗೆ ಶಿಸ್ತು ಹೆಚ್ಚು, ಅವನು ತಪ್ಪಿಸುವುದಿಲ್ಲ ಎಂದುಕೊಂಡಿರಬೇಕು ಸಿರಿಲ್.
ನೀರಿಗೆ ಹುಡುಗರಿದ್ದಾರಲ್ಲ ಎಂದು ನೆರೆಯವಳು ಒಂದಿಷ್ಟು ಅವಲಕ್ಕಿ ಇಟ್ಟು ತಂಗಿಯ ಮದುವೆಗೆ ಹೋದಳು.
ಹುಡುಗರಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಪರೀಕ್ಷೆ ಬರೆದರು. ಕೇಳಲಿಲ್ಲ. ಕೇಳುವುದೇ ತಪ್ಪಾಗಿತ್ತು.
ಮೂರು ದಿನ...

ನಾಲ್ಕನೆಯ ದಿನ ಪದ್ಮಯ್ಯ ಹೋದ.
ಅಜ್ಜಿ ತೆವಳಿಕೊಂಡು ಹೊಸ್ತಿಲ ತನಕ ಬಂದಿದ್ದಳು. ಕೊಡವನ್ನೂ ಎಳೆದು ತಂದಿದ್ದಳು. ಅದು ಮಗುಚಿ ಬಿದ್ದಿತ್ತು. ಕೆಳಗಿನ ನೆಲ ಒಣಗಿತ್ತು.
"ಬತ್ತನಾ ಮಗಾ..." ಅಂದಳಂತೆ, ತುಳುವಿನಲ್ಲಿ. ಬಂದೆಯಾ ಎಂದು. ಅಷ್ಟೇ.
"ಎರಡು ಬೈದಿದ್ರೆ ನಾನು ಬದುಕಿಕೊಳ್ತಿದ್ದೆ ಮಾರಾಯ" ಅಂದರು ಮಾಸ್ಟ್ರು.
ಓಡಿ ಹೋಗಿ ತಂದ ನೀರು ಎರಡು ಗುಟುಕು ಒಳಗೆ ಹೋಯಿತು.
ಮೂರನೆಯದು ಕಟಬಾಯಿಂದ ಹೊರಗೆ ಇಳಿಯಿತು...

ಮುದುಕಿ, ಸೆಖೆಗೆ ಹೋದಳು ಎಂದರು ಊರವರು. ಫಾದರ್ ವಿಚಾರಿಸಲಿಲ್ಲ. ಹೇಳಬಾರದು ಎಂದವರು ಕೇಳುವುದು ಹೇಗೆ?
ಮುಂದಿನ ವರ್ಷ ಶಾಲೆಯ ಸಮಾರಂಭದಲ್ಲಿ ಇಬ್ಬರಿಗೂ ಸೇವೆಯ ಮೆಡಲ್. ಅಜ್ಜಿಯನ್ನು ಕೊನೆಯ ತನಕ ನೋಡಿಕೊಂಡ ಹುಡುಗರು ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ.
ವೇದಿಕೆಯ ಮೆಟ್ಟಿಲು ಇಳಿಯುವಾಗ ಸಿರಿಲ್ ಮೆಲ್ಲಗೆ ಕೇಳಿದ...
"ಪರೀಕ್ಷೆಯ ದಿನ ನೀನು ಹೋಗ್ತಿದ್ದೆ ಅಲ್ವಾ?"
"ಹೌದು" ಅಂದ ಪದ್ಮಯ್ಯ.

ಸರ್...
ಅವನ ಮನಸ್ಸು ಉಳಿಸಲಿಕ್ಕೆ ಹಾಗೆ ಹೇಳಿದಿರಾ ಎಂದು ನಾನು ಕೇಳಿದ್ದೆ.
"ಅಲ್ಲ. ಮೆಡಲ್ ಉಳಿಸಲಿಕ್ಕೆ" ಅಂದಿರಿ.
ಆ ಚಮಚ-ಪ್ರಪಂಚದ ಪ್ರಾಸವನ್ನು ಆಮೇಲೆ ನಾನು ಎಲ್ಲಿಯೂ ಹೇಳಲಿಲ್ಲ ಸರ್.
ನಲ್ವತ್ತು ವರ್ಷ ನೀವು ಮಕ್ಕಳ ಬಾಯಿಂದ ಹೆಸರು ಹೇಳಿಸಿದಿರಿ... ನಾವು ಅದನ್ನು ಪ್ರಚಾರ ಅಂದೆವು. ಒಬ್ಬರೂ ಯಾಕೆ ಎಂದು ಕೇಳಲಿಲ್ಲ.
ಡಬ್ಬಿ ಮುಚ್ಚುತ್ತಾ ಹೇಳಿದಿರಿ, "ಸಿರಿಲ್ ಹೋದ ವರ್ಷ ತೀರಿಕೊಂಡ. ಅವನಿಗೆ ಹೇಳ್ಲಿಕ್ಕೆ ಆಗ್ಲಿಲ್ಲ. ನಾನು ಸತ್ತ ದಿನ ಇದನ್ನು ನೀನು ಬರಿ. ಒಳ್ಳೆ ಮನುಷ್ಯ ಅಂತ ಜನ ಹೇಳ್ತಾ ಇರುವಾಗಲೇ ಬರಿ."

ಈಗ ಜನ ಹೇಳುತ್ತಿದ್ದಾರೆ. ಎಲ್ಲರ ಸ್ಟೇಟಸ್‌ನಲ್ಲೂ ನಿಮ್ಮ ಫೋಟೋ, ಕೆಳಗೆ "ಸೇವಾಮೂರ್ತಿ".
ಇದನ್ನು ಇವತ್ತೇ ಹಾಕುತ್ತೇನೆ ಎಂದು ನಿಮ್ಮ ಮಗಳಿಗೆ ಫೋನ್ ಮಾಡಿದೆ.
"ಇವತ್ತೇ ಬೇಕಾ ಅಣ್ಣ? ಉತ್ತರಕ್ರಿಯೆ, ಬೊಜ್ಜ ಎಲ್ಲ ಕಳೀಲಿ. ಜನ ಎಂತ ಹೇಳುದು?" ಅಂದಳು.
ಬರೆದದ್ದನ್ನು ಪೂರ್ತಿ ಓದಿ ಹೇಳಿದೆ.
ಅಜ್ಜಿಯ ಹೆಸರನ್ನು ಇನ್ನೊಮ್ಮೆ ಕೇಳಿದಳು...
"ಹಾಕಿ. ಅಜ್ಜಿಯ ಹೆಸರು ಮೊದಲು ಬರ್ಲಿ" ಅಂದಳು.

ಅಕ್ಕು ಅಜ್ಜಿಗೆ ಮೊದಲು...
ಆಮೇಲೆ ನಿಮಗೆ...
ಶಾಂತಿ ಸಿಗಲಿ ಸರ್.